ಹೆಸರು, ತಾರೀಖು, ರಸೀದಿ: ಜರ್ಮನಿಗೆ ಓದಲು ಹೋಗುವವರಿಗೆ ಕೆಲವು ಮಾತು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಂಘಟಕರು ನನಗೆ "ವಿದೇಶದಲ್ಲಿ ನನ್ನ ಅನುಭವ" ಎಂಬ ವಿಷಯ ಕೊಟ್ಟಿದ್ದಾರೆ. ಅನುಭವ ಅಂತ ಶುರು ಮಾಡಿದರೆ ಹಿಮ, ವಿಮಾನ, ಚೊಕ್ಕಟವಾದ ರಸ್ತೆ ಇಷ್ಟೇ ಆಗುತ್ತದೆ. ಅದೆಲ್ಲ ನೀವು ಮೊಬೈಲಿನಲ್ಲಿ ನೋಡಿದ್ದೀರಿ. ಆದರೆ ನಾನು ವಾಪಸ್ ಬಂದ ಮೇಲೆ ನಮ್ಮ ಊರಿನಿಂದ, ಸಿರುಗುಪ್ಪ, ಕುರುಗೋಡು ಕಡೆಯಿಂದ ಬರುವ ಫೋನುಗಳಲ್ಲಿ ಒಂದೇ ಪ್ರಶ್ನೆ ಇರುತ್ತದೆ: "ಅಕ್ಕಾ, ಜರ್ಮನಿಯಾಗ ಓದೋದು ಪುಕ್ಕಟೆ ಅಂತಲ್ಲ, ಹೌದಾ?" ಹೌದು ಅಂದರೂ ಸುಳ್ಳಾಗುತ್ತದೆ, ಇಲ್ಲ ಅಂದರೂ ಸುಳ್ಳಾಗುತ್ತದೆ. ಅದಕ್ಕೇ ಇವತ್ತು ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅನುಭವ ಬೇಕಾದವರಿಗೆ ನಡುನಡುವೆ ಅದೂ ಸಿಗುತ್ತದೆ.

ನಾನು 2015ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ಆಮೇಲೆ ಕೃಷಿ ಪದವಿ, ಆಮೇಲೆ ಬೆಂಗಳೂರಿನಲ್ಲಿ ಎಂ.ಎಸ್ಸಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೂ ಜರ್ಮನಿಯ ಗೋಟಿಂಗನ್ ಮತ್ತು ಕಾಸೆಲ್ ವಿಶ್ವವಿದ್ಯಾಲಯಗಳಿಗೂ 2016ರಿಂದ ಒಂದು ದೊಡ್ಡ ಸಂಶೋಧನೆಯ ನಂಟಿತ್ತು. ಬೆಂಗಳೂರು ಬೆಳೆದಂತೆಲ್ಲ ಸುತ್ತಲ ಹಳ್ಳಿಗಳ ಬೇಸಾಯ, ದನಕರು, ನೀರು ಏನಾಗುತ್ತವೆ ಎಂಬುದು ಅದರ ವಿಷಯ. ಆ ಜರ್ಮನ್ ಹುಡುಗ ಹುಡುಗಿಯರು ಹಳ್ಳಿಗಳಲ್ಲಿ ಮಣ್ಣು ಅಳೆಯುವುದನ್ನು, ಹಾಲಿನ ಡೇರಿಯ ಮುಂದೆ ನಿಂತು ಲೆಕ್ಕ ಬರೆದುಕೊಳ್ಳುವುದನ್ನು ನಾವು ಕೇಳಿದ್ದೆವು. ಅವರು ಇಲ್ಲಿಗೆ ಬಂದು ಓದಬಹುದಾದರೆ ನಾವು ಅಲ್ಲಿಗೆ ಹೋಗಿ ಓದಬಾರದೇಕೆ ಅಂತ ನನಗೆ ಅನ್ನಿಸಿದ್ದು ಆಗ. ಒಂದು ಸೆಮಿಸ್ಟರಿನ ವಿನಿಮಯಕ್ಕೆ ಅರ್ಜಿ ಹಾಕಿದೆ. 2022ರ ಚಳಿಗಾಲದ ಸೆಮಿಸ್ಟರಿಗೆ ಗೋಟಿಂಗನ್‌ಗೆ ಹೋದೆ. ಹೋದೆ ಅಂತ ಒಂದೇ ಮಾತಿನಲ್ಲಿ ಹೇಳಿಬಿಟ್ಟೆ, ಆದರೆ ಅದು ಹೆಚ್ಚುಕಡಿಮೆ ತಪ್ಪಿಯೇ ಹೋಗಿತ್ತು. ತಪ್ಪಿಸಲು ಹೊರಟಿದ್ದು ಇಂಗ್ಲಿಷೂ ಅಲ್ಲ, ದುಡ್ಡೂ ಅಲ್ಲ. ನನ್ನ ಹುಟ್ಟಿದ ದಿನ.

ಇಲ್ಲಿ ಕೂತಿರುವವರಲ್ಲಿ ಜೂನ್ 1ರಂದು ಹುಟ್ಟಿದವರು ಕೈ ಎತ್ತಿ. ನೋಡಿ, ನೋಡಿ! ಮೇಷ್ಟ್ರುಗಳೂ ಎತ್ತುತ್ತಿದ್ದಾರೆ. ಇಡೀ ಬಳ್ಳಾರಿ ಜಿಲ್ಲೆಯ ಅವ್ವಂದಿರು ಒಂದೇ ದಿನ ಹೆರಿಗೆಯಾದಂತಿದೆ. ನನ್ನದೂ ಹಾಗೆಯೇ. ನನ್ನನ್ನು ಒಂದನೇ ತರಗತಿಗೆ ಸೇರಿಸಲು ಹೋದದ್ದು ನಮ್ಮ ತಾತ. ತಾರೀಖು ಕೇಳಿದಾಗ "ಮುಂಗಾರು ಹಿಡಿದಿತ್ತು, ಬರ್ಕೊಳ್ರಿ" ಅಂದರಂತೆ. ಮುಂಗಾರು ಹಿಡಿಯುವುದು ಅಂದರೆ ಜೂನ್ ಒಂದು. ಆಸ್ಪತ್ರೆಯ ಚೀಟಿಯಲ್ಲಿ ಬೇರೆ ತಿಂಗಳು ಇತ್ತು. ಆಧಾರ್ ಮಾಡಿಸುವಾಗ ಅಪ್ಪ ಆ ಚೀಟಿ ತೋರಿಸಿದರು. ಹೀಗೆ ಆಧಾರಿನಲ್ಲಿ ಒಬ್ಬಳು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಬ್ಬಳು. ಹೆಸರಿನ ಕಥೆಯೂ ಅಷ್ಟೇ. ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಬರೀ ಒಂದು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಪೂರ್ತಿ ಬರೆಯಬೇಕು. ಆ ಒಂದು ಅಕ್ಷರ ಅಪ್ಪನ ಹೆಸರೋ, ಮನೆತನದ ಹೆಸರೋ, ಊರಿನ ಹೆಸರೋ ಎಂಬುದು ನಮ್ಮ ಮನೆಯಲ್ಲಿಯೇ ಇತ್ಯರ್ಥವಾಗಿರಲಿಲ್ಲ. ದೊಡ್ಡಪ್ಪ ಒಂದು ಹೇಳಿದರು, ಅಪ್ಪ ಒಂದು ಹೇಳಿದರು.

ತಪ್ಪು ಯಾರದೂ ಅಲ್ಲ, ನಮ್ಮ ಮನೆಯದೇ. ಆದರೆ ಅದರ ಬೆಲೆ ಏನಾಯಿತು ಕೇಳಿ. ಜನವರಿಯಲ್ಲಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದವಳು ಜೂನ್ ಆದರೂ ದಾಖಲೆ ಹೊಂದಿಸುತ್ತಲೇ ಇದ್ದೆ. ಕೊನೆಗೆ ಒಂದು ದಿನ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ, ಸಿರಿಗೇರಿ ಕ್ರಾಸಿನಲ್ಲಿ ಇಳಿದು, ಈ ಶಾಲೆಗೆ ಬಂದೆ. ಆಗಿನ ಹೆಡ್‌ಮಾಸ್ತರು ನನಗೆ ಪಾಠ ಹೇಳಿದವರಲ್ಲ, ನನ್ನ ಮುಖ ಕಂಡವರೂ ಅಲ್ಲ. ಆದರೂ ಬೀರು ತೆಗೆಸಿ, ಧೂಳು ಹೊಡೆಸಿ, ನಾನು ಎಂಟನೇ ತರಗತಿಗೆ ಸೇರಿದ ವರ್ಷದ ಅಡ್ಮಿಷನ್ ರಿಜಿಸ್ಟರ್ ಹುಡುಕಿದರು. ಅದರಲ್ಲಿ ಅಪ್ಪನ ಪೂರ್ತಿ ಹೆಸರಿತ್ತು, ಕೆಳಗೆ ಅಪ್ಪನ ಸಹಿ ಇತ್ತು. ಅದರ ದೃಢೀಕೃತ ನಕಲು ಬರೆದು, ಸೀಲು ಹಾಕಿ ಕೊಟ್ಟರು. ಆ ಒಂದು ಹಾಳೆಯನ್ನು ಹಿಡಿದು ಮೊದಲು ಆಧಾರ್ ಸರಿಯಾಯಿತು, ಆಮೇಲೆ ಪಾಸ್‌ಪೋರ್ಟ್, ಆಮೇಲೆ ವೀಸಾ. ನಾನು ಮುಟ್ಟುವ ಹೊತ್ತಿಗೆ ಅಲ್ಲಿ ಪಾಠ ಶುರುವಾಗಿ ಹತ್ತು ದಿನ ಕಳೆದಿತ್ತು. ಆ ಹತ್ತು ದಿನದಲ್ಲಿ ಏನೇನು ಕಳೆದುಕೊಂಡೆ ಎಂಬುದನ್ನು ಮುಂದೆ ಹೇಳುತ್ತೇನೆ.

ಆದ್ದರಿಂದ ಜರ್ಮನಿಯ ಮೊದಲ ಸಲಹೆ ಇಲ್ಲಿಯೇ, ಈ ಕಟ್ಟಡದಲ್ಲಿಯೇ ಇದೆ. ಹತ್ತನೇ ತರಗತಿಯ ಮಕ್ಕಳ ಹೆಸರು ಪರೀಕ್ಷಾ ಮಂಡಳಿಗೆ ಹೋಗುವ ಮುಂಚೆ ಮನೆಗೆ ಒಂದು ಪ್ರತಿ ಕೊಟ್ಟು, ಆಧಾರ್ ಜೊತೆ ಇಟ್ಟು, ಅಕ್ಷರಕ್ಕೆ ಅಕ್ಷರ ನೋಡಿಸಿ. ಇನಿಷಿಯಲ್ ಬಿಡಿಸಿ ಬರೆಯಿಸಿ. ಮಾರ್ಕ್ಸ್ ಕಾರ್ಡ್ ಅಚ್ಚಾಗುವ ಮುಂಚೆ ತಿದ್ದುವುದು ಐದು ನಿಮಿಷದ ಕೆಲಸ. ಅಚ್ಚಾದ ಮೇಲೆ ಐದು ತಿಂಗಳು. ಇದು ವಿದೇಶಕ್ಕೆ ಹೋಗುವವರಿಗೆ ಮಾತ್ರ ಅಂತಲೂ ತಿಳಿಯಬೇಡಿ. 371(ಜೆ) ಪ್ರಮಾಣಪತ್ರ ಮಾಡಿಸಲು ಓಡಾಡಿದವರಿಗೆ ಈ ಸಂಕಟ ಗೊತ್ತು.

ಇನ್ನು ದುಡ್ಡಿನ ಮಾತು. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಇದು ನಿಜ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ಎಂಬ ರಾಜ್ಯದಲ್ಲಿ ನಮ್ಮಂಥ ಹೊರದೇಶದವರಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಇದೆ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಹೊಸದಾಗಿ ಸೇರುವ ಹೊರದೇಶದವರಿಗೆ ಶುಲ್ಕ ಹಾಕಿದೆ. ವಿನಿಮಯದಲ್ಲಿ ಹೋಗುವವರು ಸಾಮಾನ್ಯವಾಗಿ ಇಲ್ಲಿಯ ಫೀಸನ್ನು ಇಲ್ಲಿ ಕಟ್ಟುತ್ತಾರೆ, ಅಲ್ಲಿ ಬೋಧನಾ ಶುಲ್ಕ ಕಟ್ಟುವುದಿಲ್ಲ. ಎಲ್ಲರೂ ಕಟ್ಟಬೇಕಾದದ್ದು ಸೆಮಿಸ್ಟರ್ ವಂತಿಗೆ. ಊರಿನಿಂದ ಊರಿಗೆ ಬೇರೆಯಾಗಿ ನೂರರಿಂದ ನಾನ್ನೂರು ಯೂರೋ ತನಕ ಇರುತ್ತದೆ, ಅದರಲ್ಲೇ ಬಹಳ ಕಡೆ ಬಸ್ಸು ರೈಲಿನ ಪಾಸು ಸೇರಿರುತ್ತದೆ.

ಹಾಗಾದರೆ ಖರ್ಚು ಯಾವುದು? ಬದುಕುವ ಖರ್ಚು. ಓದಲು ಬರುವವರು ತಮ್ಮ ಹೊಟ್ಟೆಬಟ್ಟೆಗೆ ದುಡ್ಡಿದೆ ಎಂದು ಮೊದಲೇ ತೋರಿಸಬೇಕು ಎಂಬುದು ಅವರ ಕಾನೂನು. ಅದಕ್ಕೆ "ಬ್ಲಾಕ್ಡ್ ಅಕೌಂಟ್" ಅಂತ ಒಂದು ಖಾತೆ. ನಾನು ಹೋದಾಗ ತಿಂಗಳಿಗೆ 861 ಯೂರೋ ಲೆಕ್ಕ ಇತ್ತು. ಆರು ತಿಂಗಳಿಗೆ 5,166. ಆಗಿನ ದರದಲ್ಲಿ ನಾಲ್ಕು ಲಕ್ಷ ರೂಪಾಯಿ ದಾಟಿತು. 2024ರ ಸೆಪ್ಟೆಂಬರಿನಿಂದ ಅದು ತಿಂಗಳಿಗೆ 992, ವರ್ಷಕ್ಕೆ 11,904 ಯೂರೋ ಆಗಿದೆ. ಹತ್ತು ಲಕ್ಷ ರೂಪಾಯಿಗೂ ಮೇಲೆ.

ಅಪ್ಪನಿಗೆ ಇದನ್ನು ವಿವರಿಸಲು ನನಗೆ ಅರ್ಧ ದಿನ ಹಿಡಿಯಿತು. "ನಮ್ಮ ರೊಕ್ಕ ನಮಗೆ ಕೊಡೋಕೆ ಅವರ್ಯಾರು?" ಅಂತ ಅವರ ಪ್ರಶ್ನೆ. ಕೊನೆಗೆ ನಾನು ಡ್ಯಾಂ ಲೆಕ್ಕ ಹೇಳಿದೆ. ತುಂಗಭದ್ರೆಯಲ್ಲಿ ನೀರು ತುಂಬಿದೆ, ನಮ್ಮ ಪಾಲೂ ಅದರಲ್ಲಿದೆ. ಆದರೂ ಒಂದೇ ಸಲಕ್ಕೆ ಬಿಡುವುದಿಲ್ಲ, ತೂಬು ಎಷ್ಟು ಎತ್ತುತ್ತಾರೋ ಅಷ್ಟೇ ಕಾಲುವೆಗೆ ಬರುತ್ತದೆ. ಇದೂ ಹಾಗೇ, ತಿಂಗಳಿಗೊಂದು ಸಲ ತೂಬು ಎತ್ತುತ್ತಾರೆ. ಅಪ್ಪನಿಗೆ ತಕ್ಷಣ ಅರ್ಥವಾಯಿತು. ಮರುಪ್ರಶ್ನೆಯೂ ಬಂತು: "ಕೊನೆ ಭಾಗದವರಿಗೆ ಮುಟ್ಟತೈತೋ ಇಲ್ಲೋ?" ಒಳ್ಳೆಯ ಪ್ರಶ್ನೆ. ಮುಟ್ಟುತ್ತದೆ, ಆದರೆ ತಡವಾಗಿ. ಅಲ್ಲಿ ಬ್ಯಾಂಕ್ ಖಾತೆ ತೆರೆಯುವ ತನಕ ಒಂದು ಪೈಸೆ ಬರುವುದಿಲ್ಲ. ಮನೆಯ ವಿಳಾಸ ನೋಂದಣಿ, ಆಮೇಲೆ ಖಾತೆ, ಆಮೇಲೆ ದುಡ್ಡು ಎಂಬ ಸರಪಳಿ. ಆದ್ದರಿಂದ ಮೊದಲ ಒಂದೂವರೆ ಎರಡು ತಿಂಗಳ ಖರ್ಚನ್ನು ಬೇರೆಯಾಗಿ ಕಾರ್ಡಿನಲ್ಲೋ ಕೈಯಲ್ಲೋ ಇಟ್ಟುಕೊಂಡೇ ಹೋಗಬೇಕು. ಆ 992ರಲ್ಲಿ ಬಾಡಿಗೆಯೇ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತಿನ್ನುತ್ತದೆ. ಆರೋಗ್ಯ ವಿಮೆ ಕಡ್ಡಾಯ, ಮೂವತ್ತು ವರ್ಷದೊಳಗಿನ ವಿದ್ಯಾರ್ಥಿಗೆ ತಿಂಗಳಿಗೆ 140 ಯೂರೋದ ಆಸುಪಾಸು. ಉಳಿದದ್ದರಲ್ಲಿ ಊಟ, ಫೋನು, ಚಳಿಯ ಬಟ್ಟೆ.

ಈ ದುಡ್ಡು ಎಲ್ಲಿಂದ ತರುವುದು? ನಮ್ಮ ಮನೆಯಲ್ಲಿ ಭತ್ತದ ದುಡ್ಡು, ಅವ್ವನ ಎರಡು ಬಳೆ, ಉಳಿದದ್ದು ಬ್ಯಾಂಕಿನ ಸಾಲ. ಶೈಕ್ಷಣಿಕ ಸಾಲ ನಾಲ್ಕು ಲಕ್ಷದ ತನಕ ಆಸ್ತಿ ಜಾಮೀನಿಲ್ಲದೆ ಸಿಗುತ್ತದೆ, ಏಳೂವರೆ ಲಕ್ಷ ಮೀರಿದರೆ ಆಸ್ತಿ ಕೇಳುತ್ತಾರೆ. ಪೂರ್ತಿ ಪದವಿಗೆ ಹೋಗುವ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೆ ನಮ್ಮ ರಾಜ್ಯ ಸರ್ಕಾರದ "ಪ್ರಬುದ್ಧ" ಯೋಜನೆ ಇದೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಜರ್ಮನಿಯದೇ ಡಾಡ್ ಎಂಬ ಸಂಸ್ಥೆ ಎಲ್ಲರಿಗೂ ವಿದ್ಯಾರ್ಥಿವೇತನ ಕೊಡುತ್ತದೆ. ಇವುಗಳಿಗೆ ಬಹಳ ಮುಂಚೆಯೇ ತಯಾರಿ ಮಾಡಬೇಕು. ಸೀಟು ಸಿಕ್ಕ ಮೇಲೆ ಹುಡುಕಲು ಕೂತರೆ ಗಡುವು ದಾಟಿರುತ್ತದೆ.

ಇಲ್ಲಿ ಒಂದು ಕಹಿ ವಿಷಯ ಹೇಳಲೇಬೇಕು. ನಮ್ಮ ಕಡೆಯದೇ ಒಬ್ಬ ಹುಡುಗ ಅಲ್ಲಿ ನನಗೆ ಒಂದು ರೈಲು ನಿಲ್ದಾಣದಲ್ಲಿ ಸಿಕ್ಕಿದ. ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡುವುದನ್ನು ಕೇಳಿ "ಅಕ್ಕಾ, ಯಾವೂರು ನಿಮ್ದು?" ಅಂದ. ಅವನ ಊರು ಹೇಳುವುದಿಲ್ಲ. ಒಬ್ಬ ಏಜೆಂಟ್ "ಜರ್ಮನಿಯಲ್ಲಿ ಫ್ರೀ" ಅಂತ ಹೇಳಿ, ಸೇರಿಸಿದ್ದು ಒಂದು ಖಾಸಗಿ ಕಾಲೇಜಿಗೆ. ಅಲ್ಲಿ ವರ್ಷಕ್ಕೆ ಹತ್ತು ಸಾವಿರ ಯೂರೋಗೂ ಮೇಲೆ ಫೀಸು. ಏಜೆಂಟನ ದುಡ್ಡು ಬೇರೆ. ಅವರಪ್ಪ ನೀರಾವರಿಯ ಎರಡು ಎಕರೆ ಮಾರಿದ್ದರು. ಹುಡುಗ ಎರಡನೇ ವರ್ಷದ ಫೀಸಿಗಾಗಿ ರಾತ್ರಿಯೆಲ್ಲ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದ, ಬೆಳಿಗ್ಗೆ ತರಗತಿಯಲ್ಲಿ ನಿದ್ದೆ ಮಾಡುತ್ತಿದ್ದ. ಮನೆಗೆ ಮಾತ್ರ ಹಿಮದಲ್ಲಿ ನಗುತ್ತಾ ನಿಂತ ಫೋಟೋ ಕಳಿಸುತ್ತಿದ್ದ. ಆಮೇಲೆ ಅವನು ಓದು ಬಿಟ್ಟು ವಾಪಸ್ ಬಂದ. ಊರಿನಲ್ಲಿ ಜನ "ಓದಲಿಲ್ಲ, ಅದಕ್ಕೇ ಬಂದ" ಅನ್ನುತ್ತಾರಂತೆ. ಅವನು ಓದುವ ಹುಡುಗನೇ. ಹೋದ ಜಾಗ ಸರಿಯಿರಲಿಲ್ಲ ಅಷ್ಟೇ.

ತಂದೆತಾಯಂದಿರೇ, ನೀವು ಇಂಗ್ಲಿಷ್ ಓದಲು ಬರದಿದ್ದರೂ ಮಗನಿಗೆ ಎರಡು ಪ್ರಶ್ನೆ ಕೇಳಿ. ಇದು ಸರ್ಕಾರಿಯೋ ಖಾಸಗಿಯೋ? ಅರ್ಜಿ ಹಾಕಿದ್ದು ನೀನೋ ಏಜೆಂಟನೋ? ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅರ್ಜಿಯನ್ನು ವಿದ್ಯಾರ್ಥಿಯೇ ಹಾಕಬಹುದು, ಅದಕ್ಕೆ ದಲ್ಲಾಳಿ ಬೇಕಿಲ್ಲ. 2022ರ ನವೆಂಬರಿನಿಂದ ಪೂರ್ತಿ ಪದವಿಗೆ ಹೋಗುವ ನಮ್ಮವರ ಮಾರ್ಕ್ಸ್ ಕಾರ್ಡುಗಳನ್ನು ದೆಹಲಿಯ ಎ.ಪಿ.ಎಸ್. ಎಂಬ ಕಚೇರಿ ಪರಿಶೀಲಿಸಿ ಪ್ರಮಾಣಪತ್ರ ಕೊಟ್ಟ ಮೇಲೆಯೇ ವೀಸಾ. ಅದಕ್ಕೆ 18,000 ರೂಪಾಯಿ ಶುಲ್ಕ. ಸುಳ್ಳು ದಾಖಲೆ ಮಾಡಿಸಿಕೊಡುತ್ತೇನೆ ಎನ್ನುವವನ ಹತ್ತಿರ ಹೋದರೆ ಅಲ್ಲಿಯೇ ಸಿಕ್ಕಿಬೀಳುತ್ತೀರಿ. ಒಂದು ಸೆಮಿಸ್ಟರಿಗೆ ಮಾತ್ರ ಹೋಗುವವರು ಈ ಪ್ರಮಾಣಪತ್ರ ತಮಗೆ ಬೇಕೋ ಬೇಡವೋ ಎಂದು ತಮ್ಮ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗದಲ್ಲಿ ಮೊದಲೇ ಕೇಳಿಕೊಳ್ಳಿ.

ಕೆಲಸ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು ಎಂದು 2024ರ ಮಾರ್ಚಿನಿಂದ ನಿಯಮ ಇದೆ. ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 12.82 ಯೂರೋ ಇತ್ತು. ಕೇಳಲು ಚೆನ್ನಾಗಿದೆ. ಆದರೆ ಕೈಖರ್ಚಿಗೆ ಅದು ಸಾಕು, ಸಾಲ ತೀರಿಸಲು ಸಾಲದು. ಆ ಲೆಕ್ಕ ಹಾಕಿಕೊಂಡು ಹೋಗಬೇಡಿ.

ಈಗ ಮುಟ್ಟಿದ ಮೇಲಿನ ಮಾತು. ನಾನು ತಡವಾಗಿ ಹೋದೆ ಎಂದೆನಲ್ಲ, ಹಾಸ್ಟೆಲಿನಲ್ಲಿ ನನಗಿಟ್ಟಿದ್ದ ಕೋಣೆಯ ಬೀಗದ ಕೈ ಕೊಡುವ ದಿನ ದಾಟಿತ್ತು. ಅಂತರ್ಜಾಲದಲ್ಲಿ ಒಂದು ಕೋಣೆ ಕಂಡಿತು, ಫೋಟೋ ಚೆಂದ, ಬಾಡಿಗೆ ಕಡಿಮೆ. ಮಾಲೀಕ "ನಾನು ಊರಲ್ಲಿಲ್ಲ, ಮುಂಗಡ ಕಳಿಸಿ, ಬೀಗದ ಕೈ ಅಂಚೆಯಲ್ಲಿ ಬರುತ್ತದೆ" ಅಂದ. ಕಳಿಸುವವಳೇ ಇದ್ದೆ. ವಿಭಾಗದಲ್ಲಿದ್ದ ಒಬ್ಬ ಇರಾನಿನ ಹುಡುಗಿ ನನ್ನ ಕೈ ಹಿಡಿದಳು. ಅದು ಅಲ್ಲಿಯ ಹಳೆಯ ಮೋಸವಂತೆ. ಮನೆಯನ್ನು ಕಣ್ಣಿಂದ ನೋಡದೆ, ಕರಾರಿಗೆ ಸಹಿ ಹಾಕದೆ ಒಂದು ಪೈಸೆ ಕಳಿಸಬೇಡಿ. ಮುಂಗಡ ಎಂದರೆ ಅಲ್ಲಿ ಕಾನೂನಿನ ಪ್ರಕಾರ ಮೂರು ತಿಂಗಳ ಬಾಡಿಗೆ ಮೀರುವಂತಿಲ್ಲ. ಪ್ರವೇಶಪತ್ರ ಕೈಗೆ ಬಂದ ದಿನವೇ ವಿದ್ಯಾರ್ಥಿ ಸೇವಾ ಸಂಸ್ಥೆಯ ಹಾಸ್ಟೆಲಿಗೆ ಅರ್ಜಿ ಹಾಕಿ, ಸಾಲು ಉದ್ದ ಇರುತ್ತದೆ. ನಾನು ಆ ಇರಾನಿ ಹುಡುಗಿಯ ಕೋಣೆಯ ನೆಲದ ಮೇಲೆ ಹನ್ನೊಂದು ರಾತ್ರಿ ಮಲಗಿದೆ. ಅವಳಿಗೆ ಕೊಡಲು ನನ್ನ ಹತ್ತಿರ ಇದ್ದದ್ದು ಶೇಂಗಾ ಚಟ್ನಿಪುಡಿ ಮತ್ತು ಕಟಿಕಟಿ ಜೋಳದ ರೊಟ್ಟಿ. ರೊಟ್ಟಿ ನೋಡಿ "ಇದು ನಮ್ಮಲ್ಲೂ ಇದೆ" ಅಂದಳು!

ಚಟ್ನಿಪುಡಿ, ಒಣರೊಟ್ಟಿ ಒಯ್ಯಬಹುದು. ತುಪ್ಪ, ಪೇಡ, ಹಾಲಿನ ಸಿಹಿ ಮತ್ತು ಮಾಂಸದ ಪದಾರ್ಥ ಒಯ್ಯುವಂತಿಲ್ಲ, ಯುರೋಪಿನ ನಿಯಮ. ಕರಿಬೇವು, ಮಾವಿನಹಣ್ಣು, ಬೀಜ ಇವಕ್ಕೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕೃಷಿ ಓದುವವರು ಸ್ನೇಹಿತರಿಗೆ ತೋರಿಸೋಣ ಅಂತ ಜೇಬಿನಲ್ಲಿ ಒಂದು ಹಿಡಿ ಸೋನಾ ಮಸೂರಿ ಭತ್ತ ಹಾಕಿಕೊಂಡು ಹೋಗಬೇಡಿ. ಅವ್ವ ತುಪ್ಪದ ಡಬ್ಬಿ ತುರುಕಿದ್ದಳು, ವಿಮಾನ ನಿಲ್ದಾಣಕ್ಕೆ ಕಳಿಸಲು ಬಂದ ಚಿಕ್ಕಪ್ಪನ ಕೈಗೆ ಕೊಟ್ಟು ಹೋದೆ. ಅವ್ವನಿಗೆ ಅದು ಇವತ್ತೇ ಗೊತ್ತಾಗುತ್ತಿರುವುದು.

ಮನೆ ಸಿಕ್ಕ ಎರಡು ವಾರದೊಳಗೆ ನಗರ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಸಹಿಯಿರುವ ಒಂದು ಫಾರಂ ಬೇಕು. ಅದರ ಜರ್ಮನ್ ಹೆಸರು ಹೇಳಲು ಹೋದರೆ ನಮ್ಮ ಊಟದ ಹೊತ್ತಾಗುತ್ತದೆ. ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್! ಮಕ್ಕಳೇ, ನಗಬೇಡಿ, ಅದು ಮೂರು ಪದ ಕೂಡಿಸಿದ ಒಂದು ಸಮಾಸ, ಅಷ್ಟೇ. ವ್ಯಾಕರಣದಲ್ಲಿ ಸಮಾಸ ಬಿಡಿಸಲು ಕಲಿಸಿದ ನಮ್ಮ ಕನ್ನಡ ಮೇಷ್ಟ್ರನ್ನು ನಾನು ಆ ಕಚೇರಿಯ ಸಾಲಿನಲ್ಲಿ ನಿಂತು ನೆನೆದೆ. ವೀಸಾದ ಅವಧಿ ಎಲ್ಲಿಯವರೆಗಿದೆ ಎಂದು ಆವತ್ತೇ ನೋಡಿಕೊಳ್ಳಿ. ಮುಗಿಯುವ ಮುಂಚೆ ವಿದೇಶಿಯರ ಕಚೇರಿಯಲ್ಲಿ ದಿನ ಗೊತ್ತುಮಾಡಿಕೊಳ್ಳಬೇಕು, ಆ ದಿನ ಸಿಗಲು ವಾರಗಳು ಬೇಕಾಗುತ್ತವೆ. ಪ್ರತಿ ಕಾಗದದ ಎರಡು ನಕಲು, ಪ್ರತಿ ರಸೀದಿ ಒಂದು ಫೈಲಿನಲ್ಲಿ. ಅವರು ಬಾಯಿಮಾತಿಗೆ ಬೆಲೆ ಕೊಡುವುದಿಲ್ಲ ಅಂತಲ್ಲ, ಬಾಯಿಮಾತು ಅವರಿಗೆ ಕೇಳಿಸುವುದೇ ಇಲ್ಲ. ಕಾಗದ ತೋರಿಸಿದರೆ ಮಾತ್ರ ನಗುಮುಖದಿಂದ ಕೆಲಸ ಮಾಡಿಕೊಡುತ್ತಾರೆ. ಯಾರ ಶಿಫಾರಸೂ ಬೇಕಿಲ್ಲ, ಯಾರ ಕೈಗೂ ಏನೂ ಇಡಬೇಕಿಲ್ಲ. ಇದು ನನಗೆ ಬಹಳ ಇಷ್ಟವಾಯಿತು.

ಓದಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಒಂದಿದೆ. ನಮ್ಮಲ್ಲಿ ಕಾಲೇಜಿಗೆ ಸೇರಿದರೆ, ಫೀಸು ಕಟ್ಟಿದರೆ, ಪರೀಕ್ಷೆಯ ಹಾಲ್ ಟಿಕೆಟ್ ತಾನಾಗಿ ಬರುತ್ತದೆ. ಅಲ್ಲಿ ಪಾಠಕ್ಕೆ ಹೆಸರು ಕೊಡುವುದು ಬೇರೆ, ಪರೀಕ್ಷೆಗೆ ಹೆಸರು ಕೊಡುವುದು ಬೇರೆ. ನಾನು ಮಣ್ಣಿನ ಪೋಷಕಾಂಶದ ಪಾಠಕ್ಕೆ ಒಂದು ದಿನವೂ ತಪ್ಪಿಸದೆ ಹೋದೆ. ಪರೀಕ್ಷೆಯ ದಿನ ಹೋದರೆ ಪಟ್ಟಿಯಲ್ಲಿ ಹೆಸರಿಲ್ಲ. ನೋಂದಣಿಯ ಕೊನೆಯ ದಿನ ಯಾವಾಗಲೋ ದಾಟಿತ್ತು. ತಪ್ಪು ನನ್ನದೇ, ಮೊದಲ ವಾರದ ಪರಿಚಯ ಸಭೆಯಲ್ಲಿ ಇದನ್ನೆಲ್ಲ ಹೇಳಿದ್ದರು. ಆ ವಾರ ನಾನು ಇನ್ನೂ ಬೆಂಗಳೂರಿನಲ್ಲಿ ವೀಸಾ ಕಾಯುತ್ತಿದ್ದೆ. ನೋಡಿ, ತಾತ ಹೇಳಿದ ಜೂನ್ 1 ಎಲ್ಲಿಗೆ ಬಂದು ಮುಟ್ಟಿತು! ಆ ಆರು ಕ್ರೆಡಿಟ್ ಹೋಯಿತು, ಇಲ್ಲಿಗೆ ಬಂದು ಅದರ ಬದಲು ಇನ್ನೊಂದು ಪತ್ರಿಕೆ ಬರೆದೆ. ಪೂರ್ತಿ ಪದವಿಗೆ ಹೋದವರಿಗೆ ಇದು ಇನ್ನೂ ಬಿಗಿ. ಬಹಳ ಕಡೆ ಒಂದು ಪತ್ರಿಕೆಗೆ ಮೂರೇ ಅವಕಾಶ. ಮೂರನೆಯದೂ ಹೋದರೆ ಆ ಕೋರ್ಸಿನಿಂದಲೇ ಹೆಸರು ಹೋಗುತ್ತದೆ. ತಯಾರಿ ಇಲ್ಲದಿದ್ದರೆ ಗಡುವಿನೊಳಗೆ ಹೆಸರು ಹಿಂತೆಗೆದುಕೊಳ್ಳುವುದಕ್ಕೆ ನಾಚಿಕೆಪಡಬಾರದು.

ವಿನಿಮಯದವರು ಇನ್ನೊಂದು ನೆನಪಿಡಿ. ಹೊರಡುವ ಮುಂಚೆ ಯಾವ ಯಾವ ಪತ್ರಿಕೆ ಓದುತ್ತೀರಿ ಎಂಬ ಒಪ್ಪಂದಕ್ಕೆ ಎರಡೂ ಕಡೆಯ ಸಹಿ ಇರಬೇಕು. ಅಲ್ಲಿ ಹೋಗಿ ಪತ್ರಿಕೆ ಬದಲಿಸಿದರೆ ಮತ್ತೆ ಸಹಿ. ಸಹಿ ಇಲ್ಲದ ಪತ್ರಿಕೆಯಲ್ಲಿ ಎಷ್ಟು ಚೆನ್ನಾಗಿ ಪಾಸಾದರೂ ಇಲ್ಲಿ ಲೆಕ್ಕಕ್ಕಿಲ್ಲ.

ಅಂಕಗಳೂ ತಲೆಕೆಳಗು. ಅಲ್ಲಿ 1.0 ಎಲ್ಲಕ್ಕಿಂತ ಮೇಲು, 4.0 ಬರೀ ಪಾಸು, 5.0 ಎಂದರೆ ನಪಾಸು. ನನಗೆ ಒಂದರಲ್ಲಿ 1.7 ಬಂತು ಅಂತ ಖುಷಿಯಿಂದ ಫೋನು ಮಾಡಿದರೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ ಬಿಡವ್ವಾ, ಬೇಜಾರು ಮಾಡ್ಕೋಬೇಡ" ಅಂದರು.

ತರಗತಿಯಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ. ಪಾಠ ಮುಗಿದಾಗ ಚಪ್ಪಾಳೆಯಿಲ್ಲ, ಎಲ್ಲರೂ ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಮೊದಲ ದಿನ ನಾನು ಏನೋ ಗಲಾಟೆ ಅಂದುಕೊಂಡೆ. ವೇಳಾಪಟ್ಟಿಯಲ್ಲಿ 10ರ ಪಕ್ಕದಲ್ಲಿ "ಸಿ.ಟಿ." ಎಂದಿದ್ದರೆ ಪಾಠ ಹತ್ತೂಕಾಲಿಗೆ, "ಎಸ್.ಟಿ." ಎಂದಿದ್ದರೆ ಹತ್ತಕ್ಕೇ. ಪ್ರೊಫೆಸರರನ್ನು ಕಾಣಲು ವಾರಕ್ಕೊಂದು ಗೊತ್ತಾದ ಗಂಟೆ ಇರುತ್ತದೆ, ಇ-ಮೇಲ್ ಬರೆದು ಹೋಗಬೇಕು. ಅವರನ್ನು ಪ್ರಶ್ನೆ ಕೇಳುವುದು ಅವಿಧೇಯತೆ ಅಲ್ಲ. ಕೇಳದೆ ಸುಮ್ಮನೆ ಕೂತರೆ ನಿಮಗೆ ಆಸಕ್ತಿ ಇಲ್ಲ ಅಂದುಕೊಳ್ಳುತ್ತಾರೆ. ನಮ್ಮ ಸರ್ಕಾರಿ ಶಾಲೆಯ ಮಕ್ಕಳಿಗೆ ಇದೇ ಕಷ್ಟ. ನಮಗೆ ಉತ್ತರ ಹೇಳುವುದು ಗೊತ್ತು, ಪ್ರಶ್ನೆ ಕೇಳುವ ಅಭ್ಯಾಸ ಕಡಿಮೆ. ನಾನು ಮೊದಲ ಪ್ರಶ್ನೆ ಕೇಳಲು ಐದು ವಾರ ತೆಗೆದುಕೊಂಡೆ. ಭತ್ತದ ಗದ್ದೆಯಲ್ಲಿ ನೀರು ನಿಲ್ಲಿಸಿ ನಿಲ್ಲಿಸಿ ಮಣ್ಣು ಸವಳಾಗುವ ವಿಷಯ ಬಂದಿತ್ತು. ಪುಸ್ತಕದಲ್ಲಿದ್ದುದಕ್ಕೂ ನಮ್ಮ ಕಾಲುವೆಯ ಬದಿಯ ಹೊಲಗಳಲ್ಲಿ ನಾನು ಕಂಡದ್ದಕ್ಕೂ ಹೊಂದುತ್ತಿರಲಿಲ್ಲ. ಕೈ ಎತ್ತಿದೆ. ಆ ದಿನ ಪ್ರೊಫೆಸರು ತಮ್ಮ ಪಾಠ ಬಿಟ್ಟು ನನ್ನಿಂದಲೇ ಇಪ್ಪತ್ತು ನಿಮಿಷ ಮಾತಾಡಿಸಿದರು. ಅಪ್ಪನ ಹೊಲದ ಬಗ್ಗೆ ನನಗೆ ಗೊತ್ತಿದ್ದದ್ದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಭಾಷೆ. ಪಾಠ ಇಂಗ್ಲಿಷಿನಲ್ಲಿದ್ದರೂ ಅಂಗಡಿ, ಕಚೇರಿ, ಡಾಕ್ಟರು ಎಲ್ಲ ಜರ್ಮನ್. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಮೊದಲ ಹಂತ ಕಲಿತು ಹೋಗಿ. ನಮಗೆ ಒಂದು ಅನುಕೂಲ ಇದೆ, ಜರ್ಮನ್ ಹೆಚ್ಚುಕಡಿಮೆ ಬರೆದಂತೆಯೇ ಓದುವ ಭಾಷೆ, ಇಂಗ್ಲಿಷಿನಂತೆ ಮೋಸ ಮಾಡುವುದಿಲ್ಲ. ನೀನು, ನೀವು ಎಂಬ ಭೇದವೂ ಇದೆ. ದೊಡ್ಡವರಿಗೆ, ಅಪರಿಚಿತರಿಗೆ "ಜೀ", ಗೆಳೆಯರಿಗೆ "ದು". ಇಂಗ್ಲಿಷ್ ಮಾತ್ರ ಬಲ್ಲವರು ಇದರಲ್ಲಿ ಎಡವುತ್ತಾರೆ, ನಾವು ಎಡವುವುದಿಲ್ಲ. ಕನ್ನಡಕ್ಕೆ ದೊಡ್ಡ ನಿಘಂಟು ಮಾಡಿಕೊಟ್ಟ ಫರ್ಡಿನೆಂಡ್ ಕಿಟೆಲ್ 1832ರಲ್ಲಿ ಹುಟ್ಟಿದ್ದು ಗೋಟಿಂಗನ್ ಇರುವ ರಾಜ್ಯದಲ್ಲೇ, ಸಮುದ್ರದ ಕಡೆಯ ಒಂದು ಹಳ್ಳಿಯಲ್ಲಿ. 21ನೇ ವಯಸ್ಸಿಗೆ ಇಲ್ಲಿಗೆ ಬಂದು, ನಮ್ಮವರನ್ನು ಕೇಳಿ ಕೇಳಿ ಕನ್ನಡ ಕಲಿತು, 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಅಚ್ಚು ಮಾಡಿಸಿದ. ಬೇಕರಿಯಲ್ಲಿ ಎರಡು ಬ್ರೆಡ್ ಕೇಳಲು ನಾಲಿಗೆ ತೊದಲಿದಾಗಲೆಲ್ಲ ನಾನು ಅವನ ಲೆಕ್ಕ ಹಾಕಿಕೊಳ್ಳುತ್ತಿದ್ದೆ.

ಸಣ್ಣಪುಟ್ಟವು ಬೇಗ ಹೇಳುತ್ತೇನೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಅಕ್ಕಿಬೇಳೆ ತನ್ನಿ. ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕಬೇಡಿ. ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ, ಎಸೆಯದೆ ಅಂಗಡಿಯ ಯಂತ್ರಕ್ಕೆ ಹಾಕಿ ವಾಪಸ್ ಪಡೆಯಿರಿ. ಟಿಕೆಟ್ ಇಲ್ಲದೆ ಸಿಕ್ಕರೆ 60 ಯೂರೋ ದಂಡ. ಸೈಕಲ್ಲಿಗೆ ದೀಪ ಬೇಕೇ ಬೇಕು. ಟಿ.ವಿ. ಇಲ್ಲದಿದ್ದರೂ ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕದ ಪತ್ರ ಬರುತ್ತದೆ, ಅದು ಮೋಸವಲ್ಲ, ನಿಜವಾದ ಪತ್ರ. ಬಿಸಾಡಬೇಡಿ. ಫೋನಿಗೆ ಪ್ರೀಪೇಯ್ಡ್ ಸಿಮ್ ಸಾಕು, ಎರಡು ವರ್ಷದ ಕರಾರಿಗೆ ಸಹಿ ಹಾಕಿದರೆ ಬಿಡಿಸಿಕೊಳ್ಳುವುದು ಕಷ್ಟ. ಹೊರಡುವಾಗ ವಿಳಾಸ ನೋಂದಣಿ ರದ್ದು, ವಿಮೆ ರದ್ದು, ಖಾತೆ ಮುಚ್ಚುವುದು, ಮೂರೂ ಬರಹದಲ್ಲಿ. ಆಪತ್ತಿಗೆ 112, ಪೊಲೀಸರಿಗೆ 110, ರಾತ್ರಿ ಹೊತ್ತು ಡಾಕ್ಟರು ಬೇಕಾದರೆ 116117.

ಕೊನೆಯದಾಗಿ ಚಳಿ. ಚಳಿಗೆ ಕೋಟು ಸಾಕು. ನಾನು ಹೇಳುತ್ತಿರುವುದು ಕತ್ತಲೆಯ ಬಗ್ಗೆ. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟು ದಾಟಿದ ಮೇಲೆ ಬೆಳಕು, ಸಂಜೆ ನಾಲ್ಕೂವರೆಗೆ ಮುಗಿಯಿತು. ಬಳ್ಳಾರಿಯ ಬಿಸಿಲಿನಲ್ಲಿ ಬೆಳೆದವರಿಗೆ ಅದು ಮೈಗಲ್ಲ, ಮನಸ್ಸಿಗೆ ತಟ್ಟುತ್ತದೆ. ನಾನು ಹೋದ ವರ್ಷ ಯುಕ್ರೇನ್ ಯುದ್ಧದಿಂದ ಗ್ಯಾಸ್ ಬೆಲೆ ಏರಿ, ಸಾರ್ವಜನಿಕ ಕಟ್ಟಡಗಳನ್ನು 19 ಡಿಗ್ರಿಗಿಂತ ಹೆಚ್ಚು ಬಿಸಿ ಮಾಡಬಾರದು ಎಂಬ ಆದೇಶ ಇತ್ತು. ಸಂಕ್ರಾಂತಿಯ ಹೊತ್ತಿಗೆ ನಾನು ಮೂರು ದಿನ ಹಾಸಿಗೆಯಿಂದ ಏಳಲಿಲ್ಲ. ಜ್ವರ ಇರಲಿಲ್ಲ. ಮನೆಗೆ ಫೋನು ಮಾಡಿ "ಆರಾಮ ಇದ್ದೀನಿ" ಅಂದೆ. ಅವ್ವ ತಕ್ಷಣ "ಅಳ್ತಿದ್ದೀಯೇನು?" ಅಂದಳು. ಆವತ್ತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮರುದಿನ ವಿಶ್ವವಿದ್ಯಾಲಯದ ಸಲಹಾ ಕೇಂದ್ರಕ್ಕೆ ಹೋದೆ. ವಿದ್ಯಾರ್ಥಿಗಳಿಗೆ ಅದು ಉಚಿತ, ಗುಟ್ಟು ಗುಟ್ಟಾಗಿಯೇ ಇರುತ್ತದೆ. ದಿನಾ ಮಧ್ಯಾಹ್ನ ಬೆಳಕಿರುವಾಗ ಒಂದು ಗಂಟೆ ನಡೆಯಲು ಹೇಳಿದರು. ಇಷ್ಟೇ. ಆದರೆ ಇಷ್ಟಕ್ಕೇ ನಾನು ಸರಿಹೋದೆ. ಮನೆಯವರೇ, ಮಕ್ಕಳಿಗೆ ಫೋನು ಮಾಡಿದಾಗ "ಉಂಡೆಯಾ, ಓದಿದೆಯಾ" ಅಂತ ಕೇಳುವ ಜೊತೆಗೆ "ಹೊರಗ ಹೋಗಿದ್ದೆಯಾ, ಯಾರ ಜೊತೆಗಾದ್ರೂ ಮಾತಾಡಿದೆಯಾ" ಅಂತಲೂ ಕೇಳಿ. ಸಾಲದ ಮಾತನ್ನು ಪ್ರತಿ ಫೋನಿನಲ್ಲೂ ತೆಗೆಯಬೇಡಿ. ಅವರಿಗೆ ಅದು ನೆನಪಿರುತ್ತದೆ.

ಹುಡುಗಿಯನ್ನು ಒಬ್ಬಳನ್ನೇ ಅಷ್ಟು ದೂರ ಕಳಿಸುವುದೇ ಎಂದು ನಮ್ಮ ಮನೆಗೂ ಬಂದು ಹೇಳಿದವರಿದ್ದರು. ಅಪ್ಪ ಅವರಿಗೆ ಉತ್ತರ ಕೊಡಲಿಲ್ಲ, ಚಹ ಕೊಡಿಸಿ ಕಳಿಸಿದರು. ಹೇಳಿದವರಲ್ಲಿ ಒಬ್ಬರು ಹೋದ ತಿಂಗಳು ಮೊಮ್ಮಗಳ ಮಾರ್ಕ್ಸ್ ಕಾರ್ಡ್ ಹಿಡಿದು ನಮ್ಮ ಮನೆಗೆ ಬಂದಿದ್ದರು. ಇಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ.

ಊಟ ಆದ ಮೇಲೆ ನಾನು ಹತ್ತನೇ ತರಗತಿಯ ಕೋಣೆಯಲ್ಲಿ ಇರುತ್ತೇನೆ. ಮಕ್ಕಳೇ, ಮನೆಗೆ ಓಡಿ ಆಧಾರ್ ಕಾರ್ಡ್ ತನ್ನಿ. ರಿಜಿಸ್ಟರ್ ಹೊರಗಿಡಲು ಹೆಡ್‌ಮಾಸ್ತರು ಒಪ್ಪಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.